ಹಣತೆಯ ಹಿಂದಿನ ಸರದೀಪಗಳು ಚುಕ್ಕಿಗಳಾಗಿಯೇ ಉಳಿಯುತ್ತಿವೆ, ಏನು ಮಾಡಲಿ?

ಪ್ರಶ್ನೆ (ಕೊಪ್ಪಳ)

ಕಾರ್ತಿಕ ಮುಗಿಯುವವರೆಗೂ ನನ್ನ ಅಮ್ಮ ಪ್ರತಿ ಸಂಜೆ ಹೊಸ್ತಿಲ ಎರಡೂ ಬದಿಗೆ ಹಣತೆ ಇಡುತ್ತಾಳೆ. ಬತ್ತಿಯ ತುದಿಯನ್ನು ಅವಳು ಬೆರಳಿನಿಂದ ತೀಡುವ ಗಳಿಗೆ ನನಗೆ ಫೋಟೊದಲ್ಲಿ ಬೇಕು. ಹಿಂದೆ ಸರದೀಪಗಳು ಬಣ್ಣದ ದೊಡ್ಡ ಬಿಲ್ಲೆಗಳಾಗಿ ಕಾಣಬೇಕು. ನನ್ನಲ್ಲಿರುವುದು ಕೆನಾನ್ 1500ಡಿ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55 ಮಿಲಿಮೀಟರ್ ಜೂಮ್ ಲೆನ್ಸ್. ಅಂಗಳದಲ್ಲಿ, ಹಣತೆಯಿಂದ ಒಂದು ಮೀಟರ್ ದೂರ ಕುಳಿತು, 18ರಲ್ಲಿ ಲೆನ್ಸ್‌ನ ರಂಧ್ರ ಪೂರ್ತಿ ತೆರೆದು, ಎಫ್/3.5 ಇಟ್ಟು ತೆಗೆದೆ. ಸರದೀಪ ಹಣತೆಯ ಅರ್ಧ ಮೀಟರ್ ಹಿಂದೆ, ಪಡಸಾಲೆಯ ಕಂಬದ ಮೇಲಿತ್ತು. ಬಂದದ್ದು ಬಿಳಿ ಚುಕ್ಕಿಗಳು. ಫ್ಲ್ಯಾಶ್ ಹಾಕಿದರೆ ಅಮ್ಮನ ಮುಖದ ಮೇಲಿನ ಹಣತೆಯ ಬೆಳಕೇ ಸತ್ತುಹೋಗುತ್ತದೆ. ಹೊಸ ಲೆನ್ಸ್ ಕೊಳ್ಳಲೇಬೇಕೇ?

ಉತ್ತರ (ಬಳ್ಳಾರಿ)

ಬೇಡ. ಮೊದಲು ನೀವು ಜಾಗ ಬದಲಿಸಿ. ಪಡಸಾಲೆಯೊಳಗೆ ಕುಳಿತು ಹೊರಗೆ ನೋಡಿ. ಸರದೀಪವನ್ನು ಕಂಬದಿಂದ ಬಿಚ್ಚಿ ಅಂಗಳದಾಚೆ ಕಟ್ಟಿ.

ಫೋಕಲ್ ಲೆಂಗ್ತ್ ಅನ್ನು (ಲೆನ್ಸ್ ಮೇಲಿನ 18, 55 ಎಂಬ ಮಿಲಿಮೀಟರ್ ಅಂಕಿ) ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸ್‌ನ ರಂಧ್ರದ ಅಗಲ ಸಿಗುತ್ತದೆ. ದೀಪಗಳು ಬಹಳ ದೂರದಲ್ಲಿದ್ದರೆ ಅವುಗಳ ಬಿಲ್ಲೆ, ನೀವು ಫೋಕಸ್ ಮಾಡಿದ ಹಣತೆಯ ಅಳತೆಗೆ ಹೋಲಿಸಿದಾಗ, ಸುಮಾರು ಆ ರಂಧ್ರದಷ್ಟೇ ಅಗಲ ಕಾಣುತ್ತದೆ. 18ರಲ್ಲಿ ಎಫ್/3.5 ಎಂದರೆ 5 ಮಿಲಿಮೀಟರ್. 55ರಲ್ಲಿ ಎಫ್/5.6 ಎಂದರೆ ಹತ್ತರ ಹತ್ತಿರ! ಎಫ್ ಸಂಖ್ಯೆ ದೊಡ್ಡದಾದರೂ ರಂಧ್ರ ದೊಡ್ಡದೇ. ನಿಮ್ಮ ದೀಪಗಳು ತೀರ ಹತ್ತಿರವಿದ್ದುದರಿಂದ ಆ 5ರಲ್ಲಿ ಮೂರನೇ ಒಂದು ಭಾಗ ಮಾತ್ರ ಸಿಕ್ಕಿದೆ. 55ಕ್ಕೆ ತಿರುಗಿಸಿ, ಅಮ್ಮನ ಕೈಗೆ ಅರ್ಧ ಮೀಟರ್ ಸಮೀಪ ಹೋಗಿ, ದೀಪಗಳನ್ನು ನಾಲ್ಕು ಮೀಟರ್ ಹಿಂದಿಡಿ. ಹಣತೆಗೆ ಹೋಲಿಸಿದರೆ ಬಿಲ್ಲೆ ಐದು ಪಟ್ಟು ಹಿಗ್ಗುತ್ತದೆ. 50 ಎಫ್/1.8 ಲೆನ್ಸ್‌ನ ರಂಧ್ರ 28 ಮಿಲಿಮೀಟರ್, ಅದರ ಸೊಗಸೇ ಬೇರೆ. ಆದರೆ ಅದನ್ನು ಮುಂದಿನ ವರ್ಷ ಕೊಳ್ಳಿ.

ಚುಕ್ಕಿಗಳು ಬೆಳ್ಳಗಾದದ್ದು ಬೆಳಕು ಹೆಚ್ಚಾಗಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುಯಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ 1/50 ಸೆಕೆಂಡಿನಿಂದ ಶುರು ಮಾಡಿ, ಬಣ್ಣ ಮರಳುವವರೆಗೆ ಐಎಸ್‌ಒ ಇಳಿಸಿ. ಮುಖ ಕತ್ತಲಾದರೆ ಚೌಕಟ್ಟಿನ ಹೊರಗೆ ಇನ್ನೂ ನಾಲ್ಕೈದು ಹಣತೆ ಹಚ್ಚಿಡಿ. ಸೆರಗಿನಿಂದ ದೂರವಿರಲಿ, ದಯವಿಟ್ಟು.

ಉತ್ತರ (ರಾಯಚೂರು)

ಶಟರ್ ವೇಗವನ್ನು 1/50ಕ್ಕಿಂತ ಹೆಚ್ಚಿಸಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸರಗಳು ಅದಕ್ಕೆ ತಕ್ಕಂತೆ ಮಿನುಗುತ್ತವೆ. ವೇಗ ಹೆಚ್ಚಿಸಿದರೆ ಕೆಲವು ದೀಪ ಆರಿದ ಹೊತ್ತಿಗೇ ಸಿಕ್ಕಿಬೀಳುತ್ತವೆ.

ಪ್ರಶ್ನೆ ಕೇಳಿದವರು (ಕೊಪ್ಪಳ)

ಸರವನ್ನು ಎದುರಿನ ಬೇವಿನ ಗಿಡಕ್ಕೆ ಕಟ್ಟಿದೆ. ಬಿಲ್ಲೆಗಳು ಬಂದವು! ಅಮ್ಮನ ಬೆರಳ ತುದಿಯ ಎಣ್ಣೆ ಹೊಳೆಯುವುದೂ ಕಾಣುತ್ತಿದೆ. ಅಂಚಿನ ಬಿಲ್ಲೆಗಳು ಮಾತ್ರ ಬಾದಾಮಿಯಂತೆ ಚಪ್ಪಟೆಯಾಗಿವೆ, ಏಕೆ?

ಉತ್ತರ (ಬಳ್ಳಾರಿ)

ಓರೆಯಾಗಿ ಬರುವ ಬೆಳಕಿಗೆ ಲೆನ್ಸ್‌ನ ಕೊಳವೆಯ ಅಂಚು ಅಡ್ಡ ಬರುತ್ತದೆ. ಸರವನ್ನು ಚೌಕಟ್ಟಿನ ನಡುವಿಗೆ ಸರಿಸಿ. ಬೆರಳಿನ ಆ ಚಿತ್ರವನ್ನು ಇಲ್ಲಿ ಹಾಕಿ, ನೋಡಬೇಕು.