ಐಟಿ ಬಿಟ್ಟು ಎನ್‌ಜಿಒ ಸೇರಿದ್ದೇನೆ, ಇಲ್ಲಿನ ರೀತಿ ತಿಳಿಯುತ್ತಿಲ್ಲ

ಹೊಸಬ_ಯಾದಗಿರಿ:
ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಯಾದಗಿರಿಯಲ್ಲಿ ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆ ಸೇರಿದ್ದೇನೆ. ಕೆಲಸ ಇಷ್ಟ, ಹೊಂದಿಕೊಳ್ಳುವುದೇ ಕಷ್ಟ. ಮೀಟಿಂಗ್‌ನಲ್ಲಿ ಮೊದಲ ಅರ್ಧ ಗಂಟೆ ಬರೀ ಊರ ಮಾತು. ಶಾಲಾ ಭೇಟಿಯ ವಿವರ ತುಂಬಲು ಡ್ಯಾಶ್‌ಬೋರ್ಡ್ ಮಾಡಿಕೊಟ್ಟೆ, ಎಲ್ಲರೂ 'ಛಲೋ ಐತ್ರಿ ಸರ್' ಅಂದರು, ಒಬ್ಬರೂ ತುಂಬಲಿಲ್ಲ. ಲ್ಯಾಪ್‌ಟಾಪ್ ಕೇಳಿದರೆ 'ಆ ಹೆಡ್‌ನಲ್ಲಿ (ಬಜೆಟ್‌ನ ಆ ಬಾಬ್ತಿನಲ್ಲಿ) ದುಡ್ಡಿಲ್ಲ' ಅನ್ನುತ್ತಾರೆ, ಬ್ಯಾಂಕಿನಲ್ಲಿ ದುಡ್ಡಿರುವುದು ನನಗೇ ಗೊತ್ತು. ನಾನು ಜಾಸ್ತಿ ಅವಸರ ಮಾಡುತ್ತಿದ್ದೀನಾ?

ಲೆಕ್ಕದಕ್ಕ:
ನಾನು ಎನ್‌ಜಿಒ ಅಕೌಂಟ್ಸ್‌ನವಳು, ಲ್ಯಾಪ್‌ಟಾಪ್ ವಿಷಯ ಹೇಳುತ್ತೇನೆ. ತರಬೇತಿಗೆ ಅಂತ ಬಂದ ದುಡ್ಡಲ್ಲಿ ಲ್ಯಾಪ್‌ಟಾಪ್ ತಂದರೆ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಕೊಡುವ ಯುಟಿಲೈಸೇಶನ್ ಸರ್ಟಿಫಿಕೇಟ್‌ನಲ್ಲಿ ಏನಂತ ಬರೆಯುವುದು? ಹೊರದೇಶದ ದುಡ್ಡಾದರೆ ಇನ್ನೂ ಬಿಗಿ, 2020ರಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿ ಬಂದ ಮೇಲೆ ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ನೆಪ ಹೇಳುತ್ತಿಲ್ಲ ಅವರು. ದುಡ್ಡು ಕೇಳಿ ಮುಂದಿನ ಪ್ರಪೋಸಲ್ ಬರೆಯುವಾಗ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್‌ಗೆ ಒಂದು ಸಾಲು ಹಾಕಿಸಿ. ಬಜೆಟ್ ಓದಲು ಬರುವವರೆಂದರೆ ನಮಗೂ ಖುಷಿ.

ಫೀಲ್ಡ್_ರಾಯಚೂರು:
ಯಾಕೆ ತುಂಬಲಿಲ್ಲ ಅಂತ ಕೇಳಿದ್ರಾ ಸರ್? ಬೆಳಿಗ್ಗೆ ಬಸ್ ಹಿಡಿದು ಎರಡು ಶಾಲೆ ನೋಡಿ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಸಿಕ್ಕರೆ ಮಾತಾಡಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಹೊಲಕ್ಕೇ ಹೋಗಿ ಹುಡುಕಿ ವಾಪಸ್ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ. ಅದನ್ನೇ ಡೈರಿಯಲ್ಲಿ ಬರೆಯಬೇಕು, ದುಡ್ಡು ಕೊಡುವ ಫಂಡರ್ ಫಾರ್ಮ್ಯಾಟ್‌ನಲ್ಲೂ ಬರೆಯಬೇಕು. ನಿಮ್ಮದು ಮೂರನೆಯದು! ಒಂದು ತೆಗೆಸಿ, ತುಂಬುತ್ತಾರೆ. 'ಛಲೋ ಐತ್ರಿ' ಅಂದರೆ ಒಪ್ಪಿದರು ಅಂತಲ್ಲ, ಹೊಸ ಸರ್ ಮುಂದೆ ಬೇಡ ಅನ್ನಲು ಮುಜುಗರ. ಇನ್ನು ಆ ಊರ ಮಾತು. ಯಾವ ಹೆಡ್‌ಮಾಸ್ಟರ್‌ಗೆ ವರ್ಗ ಆಯಿತು, ಎಲ್ಲಿ ಮಕ್ಕಳು ಹತ್ತಿ ಬಿಡಿಸಲು ಹೋಗಿ ಹಾಜರಿ ಬಿದ್ದಿದೆ, ಎಲ್ಲ ಅಲ್ಲೇ ಬರುವುದು. ಸುಮ್ನೆ ಕೂತು ಕೇಳಿ.

ನೇರಮಾತು:
ಹಾಗಂತ ಎಲ್ಲದಕ್ಕೂ ತಲೆಯಾಡಿಸಬೇಡಿ. ಸಂಬಳ, ರಜೆ ಕೇಳಿದರೆ 'ಇದು ಸೇವೆ ಅಲ್ವಾ' ಅಂತ ಬಾಯಿ ಮುಚ್ಚಿಸುವವರೂ ಈ ಕ್ಷೇತ್ರದಲ್ಲಿ ಇದ್ದಾರೆ. ಕಾನೂನು ಎನ್‌ಜಿಒಗೂ ಒಂದೇ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ. ನಿಮ್ಮಲ್ಲಿ ಇದೆಯಾ ಕೇಳಿ. ಮುಖ ಗಂಟಿಕ್ಕಿದರೆ ಆಗ ಯೋಚಿಸಿ.

ಹೊಸಬ_ಯಾದಗಿರಿ:
ಹತ್ತಿ ವಿಷಯ ಗೊತ್ತೇ ಇರಲಿಲ್ಲ. ಫಂಡರ್ ಫಾರ್ಮ್ಯಾಟ್ ತೆಗೆಸಲು ಯಾರ ಹತ್ತಿರ ಮಾತಾಡಲಿ?

ಫೀಲ್ಡ್_ರಾಯಚೂರು:
ಅದು ನಿಮ್ಮ ಕೈಲಿಲ್ಲ ಬಿಡಿ. ಡೈರಿ ತೆಗೆಸಿ, ಅದು ನಿಮ್ಮ ಆಫೀಸಿನದೇ.