‘ಕೊಂಪಾದ್ರೆ’ಯನ್ನು ಬೀಗ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋದ ಹಳ್ಳಿಯೊಂದರ ಕಥೆಯನ್ನು ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ವಾರದಿಂದ ಒಂದೇ ಪದದ ಮುಂದೆ ಕುಳಿತಿದ್ದೇನೆ: ಕೊಂಪಾದ್ರೆ, ಹೆಂಗಸಾದರೆ ಕೊಮಾದ್ರೆ.

ಮಗುವಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಿನ ಚರ್ಚಿನಲ್ಲಿ ಅದರ ಹೊಣೆ ಹೊತ್ತು ನಿಲ್ಲುವ ಗಂಡಸು ಮಗುವಿಗೆ ಪಾದ್ರಿನೊ, ಹೆಂಗಸು ಮಾದ್ರಿನಾ. ಇವರನ್ನು ಜ್ಞಾನತಂದೆ, ಜ್ಞಾನತಾಯಿ ಎನ್ನಬಹುದು, ಅಲ್ಲಿ ತೊಡಕಿಲ್ಲ. ಆದರೆ ಆ ದಿನ ಇನ್ನೊಂದು ನಂಟೂ ಹುಟ್ಟುತ್ತದೆ, ಮಗುವನ್ನು ಹೆತ್ತವರಿಗೂ ಹೊಣೆ ಹೊತ್ತವರಿಗೂ ನಡುವೆ. ಅವರು ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ ಆಗುತ್ತಾರೆ. ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಎಷ್ಟೋ ಸಲ ಮಗುವಿನ ಜೊತೆಗಿನ ನಂಟಿಗಿಂತ ದೊಡ್ಡವರ ನಡುವಿನ ಈ ನಂಟೇ ಗಟ್ಟಿ. ಸಾಲ, ಬಿತ್ತನೆ, ಕಾಯಿಲೆ, ಸಾವು ಎಲ್ಲದಕ್ಕೂ ಕೊಂಪಾದ್ರೆ ಬರಲೇಬೇಕು. ಮಾನವಶಾಸ್ತ್ರಜ್ಞರಾದ ಸಿಡ್ನಿ ಮಿಂಟ್ಸ್ ಮತ್ತು ಎರಿಕ್ ವುಲ್ಫ್ 1950ರಲ್ಲಿ ಈ ಏರ್ಪಾಡಿನ ಮೇಲೆಯೇ ಒಂದು ದೀರ್ಘ ಲೇಖನ ಬರೆದರು.

ಇಂಗ್ಲಿಷಿನಲ್ಲಿ ಇದನ್ನು ಸುಮ್ಮನೆ ‘ಗೆಳೆಯ’ ಎಂದು ಮಾಡಿ ಮುಗಿಸುವುದುಂಟು. ಇಂದಿನ ಬೀದಿಮಾತಿನಲ್ಲಿ ಆ ಅರ್ಥವೂ ಇದೆ, ನಿಜ. ಆದರೆ ನನ್ನ ಕಥೆಯಲ್ಲಿ ಅದು ನಡೆಯುವುದಿಲ್ಲ. ಜ್ಞಾನಸ್ನಾನದ ಹಿಂದಿನ ದಿನದವರೆಗೆ ಇಬ್ಬರು ಗೆಳೆಯರು ‘ತೂ’ ಎಂದು ಏಕವಚನದಲ್ಲಿ ಮಾತನಾಡುತ್ತಾರೆ, ಮರುದಿನದಿಂದ ‘ಉಸ್ತೇದ್’. ಕೂಡಿ ಆಡಿ ಬೆಳೆದವರು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರುತ್ತಾರೆ. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಬೀಗರು. ನಿನ್ನೆಯವರೆಗೆ ‘ಏನೋ’ ಎನ್ನುತ್ತಿದ್ದವರು ಮಕ್ಕಳ ಮದುವೆಯಾದೊಡನೆ ‘ಬನ್ನಿ ಬೀಗರೇ, ಕೂತುಕೊಳ್ಳಿ’ ಎನ್ನುವುದಿಲ್ಲವೇ? ಧ್ವನಿ, ಗೌರವ, ಆ ಸಣ್ಣ ಬಿಗುವು ಎಲ್ಲವೂ ಹೊಂದುತ್ತವೆ.

ಎರಡು ದಿನ ಖುಷಿಯಿಂದ ‘ಬೀಗ’ ಎಂದೇ ಬರೆದೆ. ಆಮೇಲೆ ಎರಡು ಕಾರಣಕ್ಕೆ ಅಳಿಸಿದೆ.

ಮೊದಲನೆಯದು, ಬೀಗನಿಗೆ ಸ್ಪ್ಯಾನಿಷ್‌ನಲ್ಲಿ ಬೇರೆಯೇ ಪದವಿದೆ, ಕೊನ್ಸುವೆಗ್ರೊ. ಬೀಗಿತಿ ಕೊನ್ಸುವೆಗ್ರಾ. ಇಂಗ್ಲಿಷಿನಲ್ಲಿ ಸಿಗದ ನಮ್ಮ ನಂಟಿನ ಪದಗಳಿಗೆ ಸ್ಪ್ಯಾನಿಷ್‌ನಲ್ಲಿ ಜೋಡಿ ಸಿಗುವುದನ್ನು ಕಂಡರೆ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಷಡ್ಡಕನನ್ನು ಕೊನ್ಕುನ್ಯಾದೊ ಎನ್ನುತ್ತಾರೆ, ಮೆಕ್ಸಿಕೋದಲ್ಲಿ ಚಿಕ್ಕದಾಗಿ ಕೊನ್ಕೂನ್ಯೊ. ವಾರಗಿತ್ತಿಗೂ ಇದರ ಸ್ತ್ರೀಲಿಂಗ ರೂಪವೇ ಸಲ್ಲುತ್ತದೆ. (ಕೊಮಾದ್ರೆಯಿಂದಲೇ ಹುಟ್ಟಿದ ಕೊಮಾದ್ರೋನಾ ಎಂದರೆ ಸೂಲಗಿತ್ತಿ. ಹೆರಿಗೆಮನೆಯ ನಂಟು ಪದದೊಳಗೇ ಉಳಿದುಬಿಟ್ಟಿದೆ.) ನನ್ನ ಕಥೆಯಲ್ಲಿ ಕೊನ್ಸುವೆಗ್ರೊ ಕೂಡ ಬರುತ್ತಾನೆ. ಇಬ್ಬರನ್ನೂ ಬೀಗ ಎಂದರೆ ಓದುಗರು ದಾರಿ ತಪ್ಪುತ್ತಾರೆ.

ಎರಡನೆಯ ಕಾರಣ ಇದಕ್ಕಿಂತ ಭಾರವಾದದ್ದು. ಕಥೆಯಲ್ಲಿ ಕೂಲಿಯವನೊಬ್ಬ ತಾನು ದುಡಿಯುವ ಜಮೀನಿನ ಒಡೆಯನನ್ನೇ ಮಗುವಿಗೆ ಪಾದ್ರಿನೊ ಆಗಲು ಕೇಳಿಕೊಳ್ಳುತ್ತಾನೆ. ಒಡೆಯ ಒಪ್ಪುತ್ತಾನೆ, ಇಬ್ಬರೂ ಕೊಂಪಾದ್ರೆಗಳಾಗುತ್ತಾರೆ. ಅಂತಸ್ತಿನ ಗೋಡೆ ದಾಟುವುದು ಈ ನಂಟಿನ ಜೀವ. ಮಿಂಟ್ಸ್ ಮತ್ತು ವುಲ್ಫ್ ಸಮಾನರ ನಡುವಿನ ನಂಟು, ಮೇಲು ಕೆಳಗಿನವರ ನಡುವಿನ ನಂಟು ಎಂದು ಬೇರ್ಪಡಿಸಿ ನೋಡಿದ್ದು ಇದಕ್ಕಾಗಿಯೇ. ನಮ್ಮ ‘ಬೀಗ’ ಪದವಾದರೋ ಮದುವೆಯನ್ನು ಹೊತ್ತುಕೊಂಡೇ ಬರುತ್ತದೆ, ಮದುವೆಯ ಬೆನ್ನಿಗೆ ಜಾತಿ. ಕೂಲಿಯವನು ಒಡೆಯನನ್ನು ‘ಬೀಗರೇ’ ಎಂದು ಕರೆದರೆ ಕನ್ನಡದ ಓದುಗನ ಮನಸ್ಸಿನಲ್ಲಿ ಬೇರೆಯೇ ಕಥೆ ಶುರುವಾಗುತ್ತದೆ. ಅದಕ್ಕೆ ನಾನು ಸಿದ್ಧನಿಲ್ಲ.

ಮೂಲದಲ್ಲಿರುವುದು ಲ್ಯಾಟಿನ್ನಿನ ‘ಜೊತೆ’ ಮತ್ತು ‘ತಂದೆ’. ಕೂಡುಕುಟುಂಬದ ಮಾದರಿಯಲ್ಲಿ ‘ಕೂಡುತಂದೆ’ ಎಂದು ಕಟ್ಟಿ ನೋಡಿದೆ. ನಿರೂಪಣೆಯಲ್ಲಿ ಹೇಗೋ ನಿಲ್ಲುತ್ತದೆ, ಆದರೆ ಯಾರನ್ನಾದರೂ ಹಾಗೆಂದು ಕೂಗಿ ಕರೆಯಲು ಬಾಯಿ ಬರುವುದಿಲ್ಲ. ಕೊಂಪಾದ್ರೆ ಮೊದಲಿಗೆ ಕರೆಯುವ ಪದ, ಆಮೇಲೆ ಹೆಸರಿಸುವ ಪದ. ಸದ್ಯಕ್ಕೆ ‘ಕೊಂಪಾದ್ರೆ’ ಎಂದೇ ಉಳಿಸಿ, ಏಕವಚನದಿಂದ ಬಹುವಚನಕ್ಕೆ ಹೋಗುವ ಕಡೆ ಕನ್ನಡದ ‘ನೀವು’ವನ್ನೇ ನೆಚ್ಚಿಕೊಂಡಿದ್ದೇನೆ.

ಕನ್ನಡ ಮನೆಮಾತಿನ ಕ್ಯಾಥೊಲಿಕರು, ಕೊಂಕಣಿ ಬಲ್ಲವರು ಇಲ್ಲಿದ್ದಾರೆ. ನಿಮ್ಮ ಮನೆಗಳಲ್ಲಿ ಮಗುವಿನ ತಂದೆ ಆ ಮಗುವಿನ ಜ್ಞಾನತಂದೆಯನ್ನು ಏನೆಂದು ಕರೆಯುತ್ತಾರೆ? ಮಗುವನ್ನು ಬಿಟ್ಟು, ಆ ಇಬ್ಬರು ಗಂಡಸರ ನಡುವೆ ಓಡಾಡುವ ಪದ ನನಗೆ ಬೇಕು.