ಗ್ಯಾಲಪಗೋಸ್: ಆಮೆಗಳಿಗಾಗಿ ಮೇಕೆಗಳನ್ನು ಕೊಂದದ್ದು ಸರಿಯೇ?

ಕಡಲಹಕ್ಕಿ:
ಈಕ್ವೆಡಾರ್‌ನ ಗ್ಯಾಲಪಗೋಸ್ ದ್ವೀಪಗಳಲ್ಲಿ ದೈತ್ಯ ಆಮೆಗಳನ್ನು ಉಳಿಸಲು ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸಿ ಮೇಕೆಗಳನ್ನು ಕೊಂದರೆಂದು ಓದಿ ಮನಸ್ಸು ಕಲಕಿತು. ಮೇಕೆಗಳೇನು ತಾವಾಗಿ ಈಜಿಕೊಂಡು ಹೋದವೇ? ತಂದು ಬಿಟ್ಟವನು ಮನುಷ್ಯ. ಬೇಲಿ ಹಾಕಲು ಆಗುತ್ತಿರಲಿಲ್ಲವೇ? ಇದನ್ನು ಸಂರಕ್ಷಣೆ ಎನ್ನಲು ನನಗೆ ನಾಲಿಗೆ ಏಳುತ್ತಿಲ್ಲ.

ಜೀವಶಾಸ್ತ್ರದ ಮೇಡಂ:
ತಪ್ಪು ಮೇಕೆಗಳದ್ದಲ್ಲ, ನಿಜ. ಆದರೆ ಪಿಂಟಾ ದ್ವೀಪವನ್ನು ನೋಡಿ. 1959ರಲ್ಲಿ ಅಲ್ಲಿ ಬಿಟ್ಟದ್ದು ಮೂರೇ ಮೇಕೆ. ಎಪ್ಪತ್ತರ ದಶಕದ ಹೊತ್ತಿಗೆ ಅವು ಹತ್ತಾರು ಸಾವಿರವಾಗಿ ನೆಲವನ್ನು ಬೋಳಿಸಿದ್ದವು. ಆಮೆಗಳನ್ನು ಮೊದಲು ಮಾಂಸಕ್ಕಾಗಿ ಹೊತ್ತೊಯ್ದವರು ತಿಮಿಂಗಿಲ ಬೇಟೆಯ ಹಡಗಿನವರು; ಉಳಿದವುಗಳ ಮೇವು ಕಸಿದದ್ದು ಮೇಕೆಗಳು. ಅಲ್ಲಿ 1971ರಲ್ಲಿ ಕಂಡ ಕೊನೆಯ ಆಮೆ ‘ಲೋನ್‌ಸಮ್ ಜಾರ್ಜ್’ 2012ರಲ್ಲಿ ಸತ್ತಾಗ ಆ ಕುಲವೇ ಮುಗಿಯಿತು.

ಬೇಲಿಯ ಮಾತು: ಮೇಕೆಗಳಿದ್ದ ಇನ್ನೊಂದು ದ್ವೀಪ ಇಸಬೆಲಾದ ಉತ್ತರ ಭಾಗವೆಂದರೆ ಲಾವಾ ಬಂಡೆ, ಜ್ವಾಲಾಮುಖಿಯ ಇಳಿಜಾರು. ಅಲ್ಲಿನ ಅಲ್ಸೆಡೊ ಪರ್ವತದ ಮೇಲೆ ಮಂಜು ಮರಗಳಿಗೆ ತಾಗಿ ಹನಿಹನಿಯಾಗಿ ತೊಟ್ಟಿಕ್ಕಿ ಹೊಂಡವಾಗುತ್ತದೆ. ಒಣ ದಿನಗಳಲ್ಲಿ ಆಮೆಗಳಿಗೆ ಅದೇ ನೀರು. ಮೇಕೆಗಳು ಮರ ತಿಂದಾಗ ನೀರೂ ಹೋಯಿತು. ಇದನ್ನು ಅರಿತ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ.

ಕೊನೆಗೆ ಉಳಿದವನ್ನು ಹುಡುಕಲು, ಹಿಡಿದ ಮೇಕೆಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟರು. ಒಂಟಿಯಾಗಿರಲಾರದ ಅವು ಅಡಗಿದ್ದ ಹಿಂಡನ್ನು ಸೇರಿದವು. ಬೆನ್ನಿಗೇ ಬೇಟೆಗಾರರು ಬಂದರು. ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ತಗ್ಗುತ್ತದೆ. ಹೇಳದೆ ಮಾತ್ರ ಬಿಡುವುದಿಲ್ಲ, ಮಕ್ಕಳಿಗೆ ಇದರ ಬೆಲೆಯೂ ತಿಳಿಯಬೇಕು.

ಕಡಲಹಕ್ಕಿ:
ನೀರಿನ ಸಂಗತಿ ಗೊತ್ತಿರಲಿಲ್ಲ, ಮೇಡಂ. ಕೊಂದದ್ದಕ್ಕೆ ಫಲ ಸಿಕ್ಕಿತೇ?

ದ್ವೀಪಪ್ರಿಯ:
ಮೇಕೆಗಳನ್ನು ತೆಗೆದುಹಾಕಿದ ಎಸ್ಪಾನ್ಯೊಲಾ ದ್ವೀಪವನ್ನು ನೋಡಿ. ಅಲ್ಲಿ ಉಳಿದಿದ್ದದ್ದು 14 ಆಮೆಗಳು. ಸಾಂತಾ ಕ್ರೂಸ್ ದ್ವೀಪದ ಆಮೆ ಸಾಕಣೆ ಕೇಂದ್ರದಲ್ಲಿ ಅವುಗಳಿಂದ ಮರಿ ಮಾಡಿಸಿದರು. ಸ್ಯಾನ್ ಡಿಯಾಗೊ ಮೃಗಾಲಯದಿಂದ ಬಂದ ಗಂಡು ಆಮೆ ‘ಡಿಯಾಗೊ’ ಜೊತೆಗೂಡಿತು. ಸಂತತಿ ಸಾವಿರ ದಾಟಿದ ಮೇಲೆ, 2020ರಲ್ಲಿ, ಹಿರಿಯ ಆಮೆಗಳನ್ನೇ ದ್ವೀಪಕ್ಕೆ ಮರಳಿಸಿದರು.

ಜೀವಶಾಸ್ತ್ರದ ಮೇಡಂ:
ಪಿನ್ಸೋನ್ ದ್ವೀಪವನ್ನೂ ಸೇರಿಸಿ. ಅಲ್ಲಿ ಮರಿಗಳನ್ನು ತಿನ್ನುತ್ತಿದ್ದವು ಇಲಿಗಳು. 2012ರಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದರು. 2014ರಲ್ಲಿ ದ್ವೀಪದಲ್ಲೇ ಹುಟ್ಟಿದ ಮರಿಗಳು ಸಿಕ್ಕವು.

ಈಗ ನನ್ನ ನಿದ್ದೆಗೆಡಿಸುವುದು ಫಿಲಾರ್ನಿಸ್ ನೊಣ. ಅದರ ಹುಳುಗಳು ಗೂಡಿನಲ್ಲೇ ಫಿಂಚ್ ಎಂಬ ಪುಟ್ಟ ಹಕ್ಕಿಗಳ ಮರಿಗಳ ರಕ್ತ ಹೀರುತ್ತವೆ. ಹೊರಗಿನಿಂದ ಬಂದ ಈ ನೊಣಕ್ಕೆ ಬೇಲಿಯೂ ಇಲ್ಲ, ಗುಂಡೂ ಇಲ್ಲ. ಕೀಟನಾಶಕ ಸವರಿದ ಹತ್ತಿಯನ್ನು ಇಟ್ಟರೆ ಫಿಂಚ್‌ಗಳು ತಾವೇ ಒಯ್ದು ಗೂಡಿಗೆ ಹೆಣೆಯುತ್ತವೆ, ಹುಳು ಕಡಿಮೆಯಾಗುತ್ತದೆ. ಆದರೆ ಇಡೀ ದ್ವೀಪಸಮೂಹಕ್ಕೆ ಹತ್ತಿ ಹಂಚಿ ಮುಗಿಯುವ ಕೆಲಸವೇ ಇದು?